ವಾಸಿಯಾದವರ ಬಾಯಿ ನೋಡುವ ಕೆಲಸ

ನಿವೃತ್ತಿಯಾದ ಮೇಲೆ ಮದುವೆಮನೆಗಳಲ್ಲಿ ನನ್ನ ಎದುರಿನ ಪಂಕ್ತಿಯಲ್ಲಿ ಕೂತವರು ಸ್ವಲ್ಪ ಮುದುರಿಕೊಳ್ಳುತ್ತಾರೆ. ನಾನು ಅವರ ಬಾಯಿಯನ್ನೇ ನೋಡುತ್ತೇನಂತೆ. ನಿಜ, ನೋಡುತ್ತೇನೆ. ಯಾರು ಒಂದೇ ಕಡೆ ಅಗಿಯುತ್ತಾರೆ, ಯಾರು ತುತ್ತಿಗೊಮ್ಮೆ ನೀರು ಕುಡಿಯುತ್ತಾರೆ, ಯಾರು ಹಪ್ಪಳ ಮುಟ್ಟದೆ ಎದ್ದರು ಅನ್ನುವುದೆಲ್ಲ ತಾನಾಗಿ ಕಣ್ಣಿಗೆ ಬೀಳುತ್ತದೆ. "ನಿಂಗೆ ಊರ ಉಸಾಬರಿ ಎಲ್ಲಾ ಬೇಕು ಕಣೆ" ಎಂದು ಕನಕಪುರದ ಮನೆಯಲ್ಲಿ ಅಮ್ಮ ಬೈಯುತ್ತಿದ್ದಳು. ಆ ಬುದ್ಧಿಗೇ ಸಂಬಳ ಕೊಡುವ ಕೆಲಸ ಮುಂದೆ ನನಗೆ ಸಿಕ್ಕಿತು.

ರಾಮನಗರದ ಆಸ್ಪತ್ರೆಯೊಂದರಲ್ಲಿ ನಾನು ನರ್ಸ್ ಆಗಿದ್ದೆ. ಸರ್ವೀಸಿನ ಕೊನೆಯ ಭಾಗವೆಲ್ಲ ಕಳೆದದ್ದು ಒಂದೇ ಕೋಣೆಯಲ್ಲಿ. ಬಾಯಿ, ನಾಲಿಗೆ, ಗಂಟಲು ಕ್ಯಾನ್ಸರ್ ಆಗಿ, ಬೆಂಗಳೂರಿನಲ್ಲಿ ಆಪರೇಷನ್ ಮಾಡಿಸಿಕೊಂಡು, ಕರೆಂಟು ಕೊಡಿಸಿಕೊಂಡು ಬಂದವರು ಆಮೇಲೆ ತಿಂಗಳಿಗೋ ಮೂರು ತಿಂಗಳಿಗೋ ನಮ್ಮಲ್ಲಿಗೆ ಬಂದು ತೋರಿಸಿಕೊಂಡು ಹೋಗಬೇಕು. ಕರೆಂಟು ಅಂದರೆ ರೇಡಿಯೇಷನ್. ನಮ್ಮ ಕಡೆ ಯಾರೂ ಅದನ್ನು ರೇಡಿಯೇಷನ್ ಅನ್ನುವುದಿಲ್ಲ. ಹೊಸದಾಗಿ ಡ್ಯೂಟಿಗೆ ಬಂದ ಹುಡುಗಿಯರು, "ವಾಸಿಯಾದವರನ್ನ ನೋಡೋದ್ರಲ್ಲಿ ಏನಿದೆ ಮೇಡಂ?" ಎಂದು ಕೇಳುತ್ತಿದ್ದರು. ಮೊದಲು ನನಗೂ ಹಾಗೇ ಅನ್ನಿಸಿತ್ತು. ಈ ಬರಹ ಅಂಥ ಹುಡುಗಿಯರಿಗಾಗಿ.

ನಮ್ಮ ಮೇಲಿದ್ದವರು ಕಿವಿ ಮೂಗು ಗಂಟಲಿನ ಡಾಕ್ಟರು. ಮೂಗಿನ ತುದಿಯಲ್ಲೇ ಕೋಪ. ಅವರ ಮುಂದೆ "ನಾರ್ಮಲ್ ಸಾರ್" ಅಂದರೆ ಮುಗಿಯಿತು. "ನಾರ್ಮಲ್ ಅಂದ್ರೆ ಏನು ನೋಡಿದ್ರಿ, ಹೇಳಿ" ಅನ್ನುತ್ತಿದ್ದರು. ನಾನು ಆ ಕೋಣೆಗೆ ಹೋದ ಮೊದಲ ವಾರ ಒಬ್ಬ ಅಜ್ಜಿಯ ಬಾಯಿಗೆ ಟಾರ್ಚ್ ಬಿಟ್ಟು ನೋಡಿ ಏನೂ ಇಲ್ಲ ಎಂದುಬಿಟ್ಟೆ. ಡಾಕ್ಟರು ಅಜ್ಜಿಯ ಹಲ್ಲು ಸೆಟ್ ಕೈಗೆ ತೆಗೆಸಿಕೊಂಡರು. ಅದರ ಕೆಳಗೆ ವಸಡಿನಲ್ಲಿ ಕಾಸಗಲ ಹುಣ್ಣು. ಸೆಟ್ ಉಜ್ಜಿ ಆದದ್ದು, ದೊಡ್ಡದೇನಲ್ಲ. ಆದರೂ ಆ ದಿನವೆಲ್ಲ ಡಾಕ್ಟರು ನನ್ನನ್ನು "ನಾರ್ಮಲ್ ಸಿಸ್ಟರ್" ಎಂದೇ ಕರೆದರು. ನನಗೂ ಕೋಪ ಬಂತು. ಅವತ್ತಿನಿಂದ ಬಾಯೊಳಗೆ ತೆಗೆಯಲು ಬರುವಂಥದ್ದು ಏನಿದ್ದರೂ ಮೊದಲು ತೆಗೆಸುತ್ತಿದ್ದೆ.

ಆದರೆ ಬಾಯಿ ನೋಡುವುದಕ್ಕಿಂತ ಕಷ್ಟದ್ದು ಬಾಯಿ ಬಿಡಿಸುವುದು. ನಮ್ಮ ಜನ ಹೇಗಿದ್ದೀರಿ ಅಂದರೆ ಚೆನ್ನಾಗಿದ್ದೀವಿ ಅನ್ನುತ್ತಾರೆ. ಊಟ ಸೇರುತ್ತಾ ಅಂದರೆ ಸೇರುತ್ತೆ. ಮಾಗಡಿ ಕಡೆಯ ಕುರಿ ಸಾಕುವ ಬೀರಣ್ಣ ಎಂಬ ಗಂಟಲಿನ ಪೇಷೆಂಟು ಪ್ರತಿ ಸಲವೂ "ಸಂದಾಕಿವ್ನಿ ಕಣಕ್ಕ" ಎಂದು ಕೈ ಮುಗಿದು ಹೋಗುತ್ತಿದ್ದ. ಒಂದು ದಿನ ಹೆಂಡತಿ ಜೊತೆಗೆ ಬಂದಿದ್ದಳು. "ಎಲ್ಲಿ ಸಂದಾಕವ್ರೆ? ಉಣ್ಣಕ್ಕೆ ಕರುದ್ರೆ ಕುರಿ ತಾವ್ಲೇ ಉಂಡ್ಕಂಡೆ ಅಂತಾರೆ. ಒಟ್ಟಿಗೆ ಕುಂತು ಉಂಡು ಯಾವ ಕಾಲ್ವಾಯ್ತೋ" ಅಂದಳು.

ನನ್ನ ಕೆದಕುವ ಬುದ್ಧಿ ಎದ್ದಿತು. ನಮ್ಮ ಕಡೆ ಮುದ್ದೆಯನ್ನು ಯಾರೂ ಅಗಿಯುವುದಿಲ್ಲ. ಮುರಿದು, ಉರುಳಿಸಿ, ಸಾರಿನಲ್ಲಿ ಅದ್ದಿ ನುಂಗುತ್ತೇವೆ. ಹಾಗಾದರೆ ಗಂಟಲು ಎಷ್ಟು ಬಿಟ್ಟಿದೆ ಅನ್ನುವುದು ತುತ್ತಿನಲ್ಲಿ ಗೊತ್ತಾಗಬೇಕಲ್ಲ. "ಬೀರಣ್ಣ, ತುತ್ತು ಎಷ್ಟ್ ಗಾತ್ರ ಮುರೀತೀಯ, ತೋರ್ಸು" ಅಂದೆ. ಅವನು ಹೆಂಡತಿಯ ಮುಖ ನೋಡಿ, ಆಮೇಲೆ ಕಿರುಬೆರಳಿನ ತುದಿಗೆ ಹೆಬ್ಬೆರಳು ಇಟ್ಟು ತೋರಿಸಿದ. ಗೋಲಿ ಗಾತ್ರ. ಕಾಯಿಲೆಗೆ ಮುಂಚೆ? ನಿಂಬೆಹಣ್ಣಿನಷ್ಟು. ಗೋಲಿ ಗಾತ್ರದ ತುತ್ತನ್ನು ಮನೆಯವರ ಎದುರು ನುಂಗಲು ನಾಚಿಕೆಯಾಗಿ ಕುರಿಗಳ ಜೊತೆ ಉಣ್ಣುತ್ತಿದ್ದ. ಕರೆಂಟಿನಿಂದ ಅವನ ಅನ್ನನಾಳ ಕಿರಿದಾಗಿತ್ತು. ಬೆಂಗಳೂರಿಗೆ ಕಳಿಸಿದೆವು. ಅಲ್ಲಿ ಅದನ್ನು ಹಿಗ್ಗಿಸಿಕೊಂಡು ಬಂದ ಮೇಲೆ ಡಾಕ್ಟರೇ ಅವನನ್ನು ಕೇಳುತ್ತಿದ್ದರು, "ಏನಪ್ಪ, ನಿಂಬೆಹಣ್ಣು ಬಂತಾ?"

"ಇಲ್ಲ ಸೋಮಿ, ಇನ್ನೂ ಬೆಟ್ಟದ ನೆಲ್ಲಿಕಾಯಿ" ಅನ್ನುತ್ತಿದ್ದ ಬೀರಣ್ಣ.

ಇನ್ನೊಂದು ತೊಂದರೆ ದವಡೆ ಬಿಗಿಯುವುದು. ಬಾಯಿ ಮೂರು ಬೆರಳು ತೆರೆದರೆ ಒಳ್ಳೆಯದು, ಒಂದೇ ಬೆರಳಿಗೆ ಬಂದರೆ ಹಲ್ಲುಜ್ಜುವುದೂ ಕಷ್ಟ. ಐಸ್‌ಕ್ರೀಮ್ ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ ಹಲ್ಲಿನ ನಡುವೆ ಇಟ್ಟುಕೊಳ್ಳಿ ಎಂದು ನಾವು ಹೇಳಿಕೊಡುತ್ತಿದ್ದೆವು. ಚನ್ನಪಟ್ಟಣದಲ್ಲಿ ಬೊಂಬೆ ಕಡೆಯುವ ಸಾಬರೊಬ್ಬರು ನಮ್ಮ ಪೇಷೆಂಟು. ಕಡ್ಡಿ ಜಾರುತ್ತೆ ಎಂದು ಬೇಜಾರಾಗಿ, ಬೊಂಬೆಯ ಮರದಲ್ಲೇ ಕ್ಯಾರೆಟ್ ಆಕಾರದ ಒಂದು ಬೆಣೆ ಕಡೆದು ತಂದರು. ಎಷ್ಟು ದೂರ ಹೋಯಿತು ಅಂತ ತಿಳಿಯಲು ಸುತ್ತ ಕೆಂಪು, ಹಳದಿ, ಹಸಿರು ಬಳೆಗಳು. ಡಾಕ್ಟರು ಅದನ್ನು ತಿರುಗಿಸಿ ತಿರುಗಿಸಿ ನೋಡಿ ಬಹಳ ಸಂತೋಷಪಟ್ಟರು, ಆದರೆ ಕರೆಂಟಿಗೆ ಒಣಗಿದ ಬಾಯಿಗೆ ಬಣ್ಣ ಬೇಡ ಎಂದರು. ಸಾಬರ ಮುಖ ಚಿಕ್ಕದಾಯಿತು.

"ಬಣ್ಣ ಇಲ್ದಿದ್ರೆ ಇದು ಚನ್ನಪಟ್ಣದ್ದು ಅಂತ ಯಾರ್ ನಂಬ್ತಾರೆ ಸಿಸ್ಟರ್?" ಎಂದು ನನ್ನನ್ನು ಕೇಳಿದರು. ಆದರೂ ಬಣ್ಣವಿಲ್ಲದೆ, ಬರೀ ಗೀರು ಹಾಕಿ ಕೆಲವು ಮಾಡಿಕೊಟ್ಟರು. ಅದರಲ್ಲಿ ಒಂದು ಸಾಕಮ್ಮನಿಗೆ ಹೋಯಿತು. ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಸಾಕಮ್ಮನ ವಿಷಯ.

ಸಾಕಮ್ಮ ಅಕ್ಕೂರಿನ ಹತ್ತಿರದ ಒಂದು ಸಣ್ಣ ಊರಿನವಳು. ರೇಷ್ಮೆ ಹುಳ ಸಾಕುವ ಮನೆ. ಅಣ್ಣತಮ್ಮಂದಿರು ಒಟ್ಟಿಗಿದ್ದರು. ಅಣ್ಣ ಚನ್ನಪ್ಪ, ಅವನ ಹೆಂಡತಿ ಗೌರಮ್ಮ; ತಮ್ಮ ಕೆಂಪಣ್ಣ, ಅವನ ಹೆಂಡತಿ ನಮ್ಮ ಸಾಕಮ್ಮ. ಹುಳದ ಮನೆಯ ಯಜಮಾನಿಕೆ ವಾರಗಿತ್ತಿಯರಿಬ್ಬರದು. ಸಾಕಮ್ಮನಿಗೆ ಎಡಗೆನ್ನೆಯೊಳಗೆ ಕ್ಯಾನ್ಸರ್ ಆಗಿತ್ತು, ಹೊಗೆಸೊಪ್ಪಿನ ಕಡ್ಡಿಪುಡಿ ಇಟ್ಟುಕೊಳ್ಳುತ್ತಿದ್ದ ಜಾಗದಲ್ಲೇ. ಆಪರೇಷನ್ ಆಗಿ, ಕೆನ್ನೆಗೂ ಕತ್ತಿಗೂ ಕರೆಂಟು ಆಗಿ ಬಂದಿದ್ದಳು.

ಅವಳು ಮೊದಲ ಸಲ ಬಂದಾಗ ಹೇಳಿದ ಒಂದು ಮಾತು ನನಗೆ ಬಹಳ ದಿನ ತಲೆಯಲ್ಲಿ ತಿರುಗುತ್ತಿತ್ತು. ಹೊಗೆಸೊಪ್ಪು ಮುಟ್ಟಿದ ಕೈಯಲ್ಲಿ ಹಿಪ್ಪುನೇರಳೆ ಸೊಪ್ಪು ಮುಟ್ಟಿದರೆ, ಅದನ್ನು ತಿಂದ ಹುಳ ಹಸಿರು ವಾಂತಿ ಮಾಡಿಕೊಂಡು ಸಾಯುತ್ತದಂತೆ. ಅದಕ್ಕೇ ಅವಳು ಕಡ್ಡಿಪುಡಿ ಬಾಯಿಗೆ ಹಾಕಿಕೊಂಡಾಗಲೆಲ್ಲ ಮೊಣಕೈವರೆಗೆ ಸೋಪು ಹಚ್ಚಿ ತೊಳೆದು, ಆಮೇಲೆ ಹುಳದ ಮನೆಗೆ ಹೋಗುತ್ತಿದ್ದಳು.

"ಅಲ್ಲಮ್ಮ, ಹುಳಕ್ಕೆ ವಿಷ ಅಂತ ಗೊತ್ತಿತ್ತಲ್ಲ. ನಿಂಗ್ ಹೆಂಗೆ ಆಗುತ್ತೆ ಅನ್ಕೊಂಡೆ?" ಅಂದೆ.

"ಹುಳ ಬಲೇ ಸೂಕ್ಷ್ಮ ಸಿಸ್ಟರ್. ನಾವು ಮನುಸ್ರು, ಗಟ್ಟಿ ಅಲ್ವಾ?" ಅಂದಳು.

ಅವಳು ಕಡ್ಡಿಪುಡಿ ಬಿಟ್ಟಳು. ಬೆಣೆ ಇಟ್ಟು ಇಟ್ಟು ಬಾಯಿ ಮೂರು ಬೆರಳಿಗೆ ಬಂತು. ಮುದ್ದೆಯೂ ನಿಂಬೆಹಣ್ಣಿಗೆ ಬಂತು. ನಮ್ಮ ಕೋಣೆಯಲ್ಲಿ ಅವಳೇ ಒಳ್ಳೆಯ ಪೇಷೆಂಟು ಅನ್ನಿಸಿಕೊಂಡಳು. ಅಂಥವಳು ಇದ್ದಕ್ಕಿದ್ದ ಹಾಗೆ ಬರುವುದನ್ನೇ ನಿಲ್ಲಿಸಿದಳು.

ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಬಾರದವರಿಗೆ ಕಾರ್ಡು ಬರೆಯುತ್ತಿದ್ದೆವು. ಅದು ತಲುಪಿತೋ ಇಲ್ಲವೋ ದೇವರಿಗೇ ಗೊತ್ತು. ಆಮೇಲೆ ಫೋನು ಬಂತು. ಈಚೆಗಂತೂ ಮೊಮ್ಮಕ್ಕಳು ಅಜ್ಜಿಯ ಬಾಯಿಗೆ ಮೊಬೈಲ್ ಲೈಟು ಹಿಡಿದು ಫೋಟೊ ಕಳಿಸುತ್ತಾರೆ. ಅರ್ಧ ಫೋಟೊಗಳಲ್ಲಿ ಮೂಗಿನ ಹೊಳ್ಳೆ ಮಾತ್ರ ಕಾಣುತ್ತದೆ. ಫೋನಿನಲ್ಲಿ ಅನುಕೂಲದ ಜೊತೆ ಒಂದು ಮೋಸವೂ ಇದೆ. ಯಾರು ಎತ್ತಿಕೊಂಡರೋ ಅವರು ಹೇಳಿದ್ದೇ ಸತ್ಯ. ಸಾಕಮ್ಮನ ಮನೆಗೆ ಮಾಡಿದಾಗ ಗೌರಮ್ಮ ಎತ್ತಿಕೊಂಡಳು. "ಅವ್ಳಿಗೇನ್ ಧಾಡಿ, ಮೈಕೈ ತುಂಬ್ಕಂಡು ದುಂಡ್ಗವ್ಳೆ. ಆಸ್ಪತ್ರೆಗ್ಯಾಕೆ?" ಅಂದಳು. ಸಣ್ಣಗಾದರೆ ಕಾಯಿಲೆ, ದಪ್ಪಗಾದರೆ ಆರೋಗ್ಯ. ನಮ್ಮ ಕಡೆಯ ಲೆಕ್ಕ ಅದು. ನಾವೂ ಬಡಕಲಾದವರ ಹಿಂದೆಯೇ ಓಡುತ್ತಿದ್ದೆವು. ಆದರೆ ಗೌರಮ್ಮನ ದನಿಯಲ್ಲಿ ಏನೋ ಸಿಟ್ಟಿತ್ತು. ಚೆನ್ನಾಗಿರುವವಳ ಮೇಲೆ ಸಿಟ್ಟೇಕೆ? ಅಕ್ಕೂರಿನ ಕಡೆಗೆ ಆಸ್ಪತ್ರೆಯ ಜೀಪು ಹೊರಟ ದಿನ ನಾನೂ ಹತ್ತಿಕೊಂಡೆ.

ಬೇಸಿಗೆ. ನೆಲ ಕಾಲು ಸುಡುತ್ತಿತ್ತು. ಸಾಕಮ್ಮ ಜಗಲಿಯ ಮೇಲೆ ಬಿಸಿಲಿಗೆ ಬೆನ್ನು ಕೊಟ್ಟು ಸ್ವೆಟರ್ ಹಾಕಿಕೊಂಡು ಕೂತಿದ್ದಳು. ಮುಖ ಊದಿಕೊಂಡಿತ್ತು. ನನ್ನನ್ನು ಗುರುತು ಹಿಡಿದು ನಗುವುದಕ್ಕೂ ತಡವಾಯಿತು. ಹುಳದ ಮನೆಯೊಳಗೆ ಗೌರಮ್ಮ ಒಬ್ಬಳೇ ದುಡಿಯುತ್ತಿದ್ದಳು. ನನ್ನನ್ನು ಕಂಡದ್ದೇ ಹೊರಗೆ ಬಂದು, ಬಾಗಿಲು ಎಳೆದುಕೊಂಡು, ನನ್ನನ್ನು ತೊಟ್ಟಿಯ ಹತ್ತಿರ ಕರೆದಳು.

"ಸಿಸ್ಟರ್, ಯೋಳ್ಬಾರ್ದು, ಆದ್ರೂ ಯೋಳ್ತೀನಿ. ಇವ್ಳು ಮತ್ತೆ ಕಡ್ಡಿಪುಡಿ ಹಾಕ್ತಾವ್ಳೆ. ಹೋದ ಬೆಳೇಲಿ ಹುಳ ಎಲ್ಲಾ ಹಸ್ರು ಕಾರ್ಕಂಡು ಸತ್ವು. ಅದೇ ಕೈಲಿ ಸೊಪ್ಪಾಕವ್ಳೆ. ಕೇಳುದ್ರೆ ಹೂಂ ಅನ್ನಲ್ಲ, ಊಹೂಂ ಅನ್ನಲ್ಲ. ಅದ್ಕೇ ಒಳಿಕ್ಕೆ ಸೇರುಸ್ತಿಲ್ಲ ನಾನು."

ಹುಳದ ಮನೆಗೆ ಸೇರಿಸುವುದಿಲ್ಲ ಅನ್ನುವುದು ಆ ಮನೆಯಲ್ಲಿ ಸಣ್ಣ ಶಿಕ್ಷೆಯಲ್ಲ. ನನಗೆ ನಿಜವಾಗಿ ಬೇಸರವಾಯಿತು. ಸಾಕಮ್ಮನನ್ನು ಹಿತ್ತಿಲಿಗೆ ಕರೆದುಕೊಂಡು ಹೋಗಿ, ಒಗೆಯುವ ಕಲ್ಲಿನ ಮೇಲೆ ಕೂರಿಸಿ ಬಾಯಿ ತೆಗೆಸಿದೆ. ಟಾರ್ಚ್ ಬಿಟ್ಟೆ. ಹಲ್ಲಿನ ಸಂದು ಚೊಕ್ಕ. ಕೆನ್ನೆ ಒಣಗಿತ್ತು, ಆದರೆ ಶುದ್ಧವಾಗಿತ್ತು. ನಾಚಿಕೆ ಬಿಟ್ಟು ಅವಳ ಬೆರಳುಗಳನ್ನೂ ಮೂಸಿದೆ. ಸೋಪಿನ ವಾಸನೆ ಬಿಟ್ಟರೆ ಏನೂ ಇಲ್ಲ.

"ನೀನು ಹಾಕ್ತಿಲ್ಲ. ಮತ್ಯಾಕೆ ಅವ್ರ ಹತ್ರ ಸುಮ್ನಿದ್ದೀಯ?" ಅಂದೆ.

ಅವಳ ದನಿ ಗೊಗ್ಗರಾಗಿತ್ತು. "ಕೈ ಎತ್ತಕ್ಕಾಯ್ತಿಲ್ಲ ಸಿಸ್ಟರ್. ಸೊಪ್ಪಾಕ್ತಾ ನಿಂತಂಗೇ ತೂಕಡಿಸ್ಬುಡ್ತೀನಿ. ದನಿ ಬೇರೆ ಹಿಂಗಾಗೈತೆ. ಅದು ಮತ್ತೆ ಬಂದೈತೆ, ನಂಗೊತ್ತು. ಕಡ್ಡಿಪುಡಿ ಹಾಕ್ತಾವ್ಳೆ ಅಂದ್ರೆ ಮನೆಯವ್ರು ಬಯ್ತಾರೆ, ಅಷ್ಟೇಯ. ಮತ್ತೆ ಬಂದೈತೆ ಅಂದ್ರೆ ಅಳ್ತಾರೆ. ಹೋದ ಸಲ ನಮ್ಮನೆಯವ್ರು ಅತ್ತಿದ್ದ ನೋಡಿವ್ನಿ. ಬಯ್ಯಿಸ್ಕಳದೇ ವಾಸಿ."

ಅವಳ ಪಕ್ಕದಲ್ಲಿ ಕಲ್ಲಿನ ಅಂಚಿಗೆ ಕೂತೆ. ನನಗೂ ಒಳಗೊಳಗೇ ಅದೇ ಭಯ ಹುಟ್ಟಿತ್ತು. ಆಮೇಲೆ, "ಬಂದಿದ್ರೆ ಬಂದಿದೆ ಅಂತ ಡಾಕ್ಟ್ರು ಹೇಳ್ಲಿ, ನೀನ್ಯಾಕೆ ಹೇಳ್ಕೊತೀಯ?" ಎಂದು ಕೇಳಿದೆ. ಬರಲು ಒಪ್ಪಿದಳು, ಆದರೆ ಮನೆಯಲ್ಲಿ ಯಾರಿಗೂ ಹೇಳಬಾರದು ಎಂದು ಆಣೆ ಹಾಕಿಸಿಕೊಂಡಳು. ಗೌರಮ್ಮನಿಗೆ, ಕಡ್ಡಿಪುಡಿ ಬಿಡಿಸುವುದಕ್ಕೆ ಕರೆದುಕೊಂಡು ಹೋಗುತ್ತೇನೆ ಎಂದೆ. "ಚೆನ್ನಾಗಿ ಉಗುದು ಕಳ್ಸಿ" ಅಂದಳು ಗೌರಮ್ಮ.

ಆಸ್ಪತ್ರೆಯಲ್ಲಿ ಡಾಕ್ಟರು ಅವಳ ಹಿಂದೆ ನಿಂತು ಕತ್ತನ್ನು ಎರಡೂ ಕೈಯಲ್ಲಿ ಮೆಲ್ಲಗೆ ತಡವಿದರು. ಗಂಟಿಲ್ಲ. ಬಾಯಿ ನೋಡಿದರು. ಮೂಗಿನಿಂದ ಸಣ್ಣ ಪೈಪು ಇಳಿಸಿ ಗಂಟಲು ನೋಡಿದರು. ಸಾಕಮ್ಮ ನನ್ನ ಕೈಯನ್ನು ಬಳೆ ಒಡೆಯುವ ಹಾಗೆ ಹಿಡಿದಿದ್ದಳು. ಪೈಪು ತೆಗೆದು ಡಾಕ್ಟರು, "ಕಣ್ಣಿಗೆ ಕಾಣೋ ಹಾಗೆ ಏನೂ ಬಂದಿಲ್ಲಮ್ಮ" ಅಂದರು. ಅವಳು ನಂಬಲಿಲ್ಲ. ಅಲ್ಲೂ ಆ ಸ್ವೆಟರ್ ಹಾಕಿಕೊಂಡೇ ಇದ್ದಳು. ಡಾಕ್ಟರು ಅದನ್ನೇ ನೋಡುತ್ತಾ ನನ್ನ ಕಡೆ ತಿರುಗಿದರು.

"ಸಿಸ್ಟರ್, ಈ ಸೆಕೆಗೆ ಇವರಿಗೆ ಸ್ವೆಟರ್ ಯಾಕೆ? ಥೈರಾಯ್ಡ್ ಟೆಸ್ಟ್ ಯಾವಾಗ ಆಗಿದೆ?"

ಆಗಿರಲಿಲ್ಲ. ಕತ್ತಿಗೆ ಕರೆಂಟು ಆದವರಿಗೆ ಆರು ತಿಂಗಳಿಗೋ ವರ್ಷಕ್ಕೋ ಅದನ್ನು ಮಾಡಿಸಲೇಬೇಕು. ಅವಳು ಬರುವುದನ್ನು ಬಿಟ್ಟದ್ದು ಆ ಟೆಸ್ಟಿನ ಹೊತ್ತಿಗೇ. ಕತ್ತಿನ ಬುಡದಲ್ಲಿರುವ ಆ ಗ್ರಂಥಿ ಕರೆಂಟಿನ ಏಟಿಗೆ ತಿಂಗಳುಗಳಾದ ಮೇಲೆ ಮೆಲ್ಲಗೆ ಸೋಲುತ್ತದೆ. ಸೌದೆ ಎಳೆದ ಒಲೆಯ ಹಾಗೆ ಮೈ ಆರುತ್ತಾ ಬರುತ್ತದೆ. ಚಳಿ, ನಿದ್ದೆ, ಊತ, ದಪ್ಪ ದನಿ. ಗೌರಮ್ಮ ಮೈಕೈ ತುಂಬಿಕೊಂಡಿದ್ದಾಳೆ ಅಂದದ್ದು ಈ ಊತವನ್ನೇ. ರಕ್ತ ತೆಗೆದು ಕಳಿಸಿದೆವು.

ರಿಪೋರ್ಟು ಬಂದ ದಿನ ಅವಳು ಗಂಡನಿಗೂ ಹೇಳದೆ ಒಬ್ಬಳೇ ಬಸ್ಸಿಗೆ ಬಂದಿದ್ದಳು. ಡಾಕ್ಟರು ಅವಳಿಗೆ ತಿಳಿಯುವ ಹಾಗೆ ನಿಧಾನವಾಗಿ ಹೇಳಿದರು: ಕ್ಯಾನ್ಸರ್ ಮತ್ತೆ ಬಂದಿಲ್ಲ, ಥೈರಾಯ್ಡ್ ಇಳಿದಿದೆ, ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಒಂದು ಮಾತ್ರೆ.

"ಅಷ್ಟೇಯಾ?" ಅಂದಳು ಸಾಕಮ್ಮ.

"ಅಷ್ಟೇ."

ಬೆಂಚಿನ ಮೇಲೆ ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಚೆನ್ನಾಗಿ ಅತ್ತಳು. ನಾನೂ ಅತ್ತೆ, ಡಾಕ್ಟರು ಕಿಟಕಿ ಕಡೆ ತಿರುಗಿ ಪೈಪು ಒರೆಸುತ್ತಾ ನಿಂತರು. ಅತ್ತು ಮುಗಿದ ಮೇಲೆ ಅವಳಿಗೆ ಕೋಪ ಬಂತು. "ಇಷ್ಟ್ ದಿನ ವಾರ್ಗಿತ್ತಿ ತಾವ ಬಯ್ಯಿಸ್ಕಂಡಿದ್ದೆಲ್ಲ ದಂಡವಾಯ್ತಲ್ಲ ಸಿಸ್ಟರ್" ಅಂದಳು.

ಮಾತ್ರೆ ಹಿಡಿಯುವುದಕ್ಕೆ ಕೆಲವು ವಾರ ಬೇಕಾಯಿತು. ಊತ ಇಳಿಯಿತು, ಸ್ವೆಟರ್ ಹೋಯಿತು. ಮುಂದಿನ ಸಲ ಗೌರಮ್ಮನೇ ಅವಳನ್ನು ಕರೆದುಕೊಂಡು ಬಂದಳು. ಸಾಕಮ್ಮ ಎಲ್ಲ ಹೇಳಿದ್ದಳು, ಗೌರಮ್ಮನ ಮುಖ ಸಪ್ಪಗಿತ್ತು. ಅಲ್ಲಿಗೇ ಬಿಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ನನ್ನ ಬುದ್ಧಿ ಬಿಡಬೇಕಲ್ಲ. ಸಾಕಮ್ಮ ಕಡ್ಡಿಪುಡಿ ಹಾಕಿಲ್ಲ, ಸರಿ. ಹಾಗಾದರೆ ಹುಳ ಸತ್ತದ್ದೇಕೆ?

"ಗೌರಮ್ಮ, ಆಗ ಸಾಕಮ್ಮನಿಗೆ ಕೈಲಾಗ್ತಿರಲಿಲ್ಲ. ತೋಟದಿಂದ ಸೊಪ್ಪು ಕೊಯ್ದು ತರ್ತಿದ್ದೋರು ಯಾರು?" ಎಂದು ಕೇಳಿದೆ.

"ನಮ್ಮನೆಯವ್ರು" ಅಂದಳು ಗೌರಮ್ಮ. "ಅವ್ರ ಟವಲ್‌ನಲ್ಲೇ ಕಟ್ಕಂಡು..." ಅಲ್ಲಿಗೆ ನಿಲ್ಲಿಸಿದಳು. ಸಾಕಮ್ಮ ಅವಳನ್ನು ನೋಡಿದಳು. ಇಬ್ಬರೂ ಎದ್ದು ಬಸ್ಸಿಗೆ ಹೋದರು.

ಮುಂದಿನ ವಾರ ಗೌರಮ್ಮ ಗಂಡನನ್ನು ಮುಂದೆ ಬಿಟ್ಟುಕೊಂಡು ಬಂದಳು. ಚನ್ನಪ್ಪ ತಲೆ ತಗ್ಗಿಸಿಕೊಂಡು, "ಹಲ್ನೋವಿಗೆ ಒಸಿ ಇಟ್ಕತಿದ್ದೆ, ಅಷ್ಟೇಯ" ಅನ್ನುತ್ತಿದ್ದ. ಕಡ್ಡಿಪುಡಿಯ ಪೊಟ್ಟಣ ಕಟ್ಟುತ್ತಿದ್ದ ಟವಲ್ಲಿನಲ್ಲೇ ಸೊಪ್ಪೂ ಬರುತ್ತಿತ್ತು. ಬಾಯಿ ತೆಗೆಸಿದರೆ ಕೆಳತುಟಿಯ ಒಳಗೆ ಬಿಳಿ ಮಚ್ಚೆ. ಡಾಕ್ಟರು ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಕ್ಯಾನ್ಸರ್ ಅಲ್ಲ, ಇನ್ನೂ ಆಗಿರಲಿಲ್ಲ. ಕಡ್ಡಿಪುಡಿ ಬಿಡಬೇಕು, ತಪ್ಪದೆ ಬಂದು ತೋರಿಸಬೇಕು ಎಂದರು.

"ಹುಳಕ್ಕೆ ಗೊತ್ತಾಯ್ತು, ಕಟ್ಕಂಡೋಳ್ಗೆ ಗೊತ್ತಾಗ್ನಿಲ್ಲ ನೋಡಿ" ಅಂದಳು ಗೌರಮ್ಮ. ನಗಬೇಕೋ ಅಳಬೇಕೋ ಅವಳಿಗೇ ತಿಳಿದ ಹಾಗಿರಲಿಲ್ಲ.

ಹೊಸ ಹುಡುಗಿಯರಿಗೆ ನಾನು ಹೇಳುವುದು ಇಷ್ಟೇ. ವಾಸಿಯಾದವರು ಎಂದು ಸುಮ್ಮನಿರಬೇಡಿ. ಚೆನ್ನಾಗಿದ್ದೀನಿ ಅನ್ನುವವರನ್ನು ಇನ್ನೊಂದು ಪ್ರಶ್ನೆ ಕೇಳಿ. ತುತ್ತು ಎಷ್ಟು ಗಾತ್ರ, ಯಾರ ಜೊತೆ ಉಣ್ಣುತ್ತಾರೆ, ಮೊದಲು ಮಾಡುತ್ತಿದ್ದ ಯಾವ ಕೆಲಸ ಬಿಟ್ಟಿದ್ದಾರೆ, ಕೇಳಿ. ಜನ ಬೈದರೆ ಬೈಯಲಿ. ಉಸಾಬರಿಯ ಹೆಂಗಸು ಅನ್ನಿಸಿಕೊಂಡು ಯಾರೂ ಸತ್ತಿಲ್ಲ.

ಕೆಲಸ ಬಿಡುವ ಮುಂಚೆ ಕೊನೆಯ ಸಲ ಆ ಊರಿಗೆ ಹೋಗಿದ್ದೆ. ಜಗಲಿಯ ಮೇಲೆ ಯಾರೂ ಇರಲಿಲ್ಲ. ಹುಳದ ಮನೆಯ ಬಾಗಿಲು ಹಾಕಿತ್ತು. ಕದ ತಟ್ಟಿದೆ.

"ಯಾರ್ರಿ ಅದು?" ಒಳಗಿನಿಂದ ಗಟ್ಟಿ ದನಿ. ಸಾಕಮ್ಮನದು ಎಂದು ತಿಳಿಯಲು ನನಗೇ ಒಂದು ಗಳಿಗೆ ಬೇಕಾಯಿತು.

"ನಾನು ಕಣಮ್ಮ, ಸಿಸ್ಟರು. ನಿನ್ ಬಾಯಿ ನೋಡೋಣ ಅಂತ ಬಂದೆ."

"ಅಲ್ಲೇ ನಿಂತ್ಕಳಿ. ಹುಳ ಈಗ್ತಾನೆ ಜ್ವರ ಎದ್ದವೆ, ನಿಮ್ ಕೈಯೆಲ್ಲಾ ಆಸ್ಪತ್ರೆ ವಾಸ್ನೆ. ಒಳಿಕ್ಕೆ ಬರಂಗಿಲ್ಲ ನೀವು."

ಹುಳ ಪೊರೆ ಬಿಡುವುದನ್ನು ಅಲ್ಲಿ ಜ್ವರ ಅನ್ನುತ್ತಾರೆ. ಜ್ವರ ಎದ್ದ ಹುಳಕ್ಕೆ ಹಸಿವು ಜಾಸ್ತಿ, ಕೆಲಸ ಬಿಟ್ಟು ಬರುವ ಹಾಗಿಲ್ಲ. ಸ್ವಲ್ಪ ಹೊತ್ತಿಗೆ ಕದ ಒಂದು ಗೇಣು ತೆರೆಯಿತು. ಸಾಕಮ್ಮ ಎರಡೂ ಕೈಯಲ್ಲಿ ಸೊಪ್ಪು ಅವಚಿಕೊಂಡು, ಹೊಸ್ತಿಲ ಆ ಕಡೆಯೇ ನಿಂತು, ಬಿಸಿಲಿಗೆ ಮುಖ ಮಾಡಿ ಬಾಯಿ ಅಗಲವಾಗಿ ತೆರೆದಳು. ನಾನು ಹೊಸ್ತಿಲ ಈ ಕಡೆಯಿಂದ ಬಗ್ಗಿ ಟಾರ್ಚ್ ಬಿಟ್ಟು ಕೆನ್ನೆ, ನಾಲಿಗೆ, ವಸಡು, ಅಂಗುಳ ಎಲ್ಲ ನೋಡಿದೆ.

"ಆಯ್ತಾ?" ಅಂದಳು.

"ಆಯ್ತು."

ಅವಳು ಮೊಣಕೈಯಲ್ಲಿ ಕದ ತಳ್ಳಿಕೊಂಡು ಒಳಗೆ ಹೋದಳು.